ಪಿಗ್ಮಿ ಠೇವಣಿಯೂ ಗ್ರಾಹಕರ ಮನೋಧರ್ಮವೂ

‘ಗ್ರಾಹಕ’ ಎಂಬ ಶಬ್ದವು ‘ಗ್ರಹ್’ ಧಾತುವಿನಿಂದ ನಿಷ್ಪನ್ನವಾದುದು. ಹಿಡಿಯುವವನು, ಸ್ವೀಕರಿಸುವವನು, ಬುದ್ಧಿಯಿಂದ ಅರಿಯುವವನು ಎಂಬ ಅರ್ಥಗಳೆಲ್ಲ ಅದಕ್ಕೆ ಸಲ್ಲುತ್ತವೆ. ಬಟ್ಟೆಯಂಗಡಿಯಲ್ಲಿ ಸೀರೆಯನ್ನು ಕೊಂಡವರು ಏನನ್ನು ಹಿಡಿದುಕೊಂಡು ಹೋದರೆಂಬುದು ಕಣ್ಣಿಗೇ ಕಾಣುತ್ತದೆ. ಆದರೆ ದಿನವೂ ಸಂಜೆ ತನ್ನ ಬುಟ್ಟಿಯ ಬಳಿಗೆ ಬಂದ ಪಿಗ್ಮಿಯವನ ಕೈಗೆ ಹತ್ತೋ ಇಪ್ಪತ್ತೋ ರೂಪಾಯಿಯನ್ನಿತ್ತು, ಅದನ್ನು ಪುಸ್ತಕದಲ್ಲಿ ಬರೆಸಿಕೊಂಡು, ಪುನಃ ಮಾಲೆ ಕಟ್ಟುವುದರಲ್ಲಿ ತೊಡಗುವ ಹೂವಾಡಗಿತ್ತಿಯು ಸ್ವೀಕರಿಸಿದ್ದಾದರೂ ಏನು? ಹಣವನ್ನು ಕೊಟ್ಟವಳು ಅವಳು, ಗ್ರಾಹಕಳೆನಿಸಿಕೊಂಡವಳೂ ಅವಳೇ. ಸೇವಾವೃತ್ತಿಗಳ ಸ್ವರೂಪವನ್ನು ಅರಿಯಬಯಸುವವರಿಗೆ ಈ ಒಂದು ಪ್ರಶ್ನೆಯೇ ಸಾಕಷ್ಟು ದೂರ ದಾರಿ ತೋರಬಲ್ಲದು.

ವಸ್ತುವನ್ನು ಮಾರುವ ವ್ಯಾಪಾರಕ್ಕೂ ಸೇವೆಯನ್ನು ಮಾರುವ ವ್ಯಾಪಾರಕ್ಕೂ ಇರುವ ಅಂತರವನ್ನು ವಾಣಿಜ್ಯಶಾಸ್ತ್ರಜ್ಞರು ಬಹುಕಾಲ ಗಂಭೀರವಾಗಿ ಪರಿಗಣಿಸಿರಲಿಲ್ಲ. 1970ರ ದಶಕದಿಂದೀಚೆಗೆ ಈ ವಿಚಾರವು ಪ್ರತ್ಯೇಕ ಶಾಖೆಯಾಗಿ ಬೆಳೆಯಿತು. 1985ರಲ್ಲಿ ಪರಶುರಾಮನ್, ಜೈಥಾಮ್ಲ್ ಮತ್ತು ಬೆರಿ ಎಂಬ ಮೂವರು ವಿದ್ವಾಂಸರು ಸೇವೆಯ ಗುಣಮಟ್ಟವನ್ನು ಕುರಿತು ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದಲ್ಲಿ ಪ್ರಮಾಣಗ್ರಂಥದ ಸ್ಥಾನವನ್ನು ಪಡೆದಿದೆ. ಸೇವೆಯನ್ನು ಮುಟ್ಟಿ ನೋಡಲಾಗದು. ಮಾಡುವವನಿಂದ ಅದನ್ನು ಬೇರ್ಪಡಿಸಲಾಗದು. ಇಂದಿನದನ್ನು ನಾಳೆಗೆ ಎತ್ತಿಡಲಾಗದು. ಒಬ್ಬನು ಮಾಡಿದಂತೆ ಇನ್ನೊಬ್ಬನು ಮಾಡುವನೆಂಬ ನಿಶ್ಚಯವೂ ಇಲ್ಲ. ಕ್ಷೌರಿಕನ ಕೆಲಸದಲ್ಲಿ, ವೈದ್ಯನ ಪರೀಕ್ಷೆಯಲ್ಲಿ, ಉಪಾಧ್ಯಾಯನ ಪಾಠದಲ್ಲಿ ಈ ಲಕ್ಷಣಗಳೆಲ್ಲ ಸ್ಪಷ್ಟವಾಗಿವೆ. ಕೊಂಡ ಬಟ್ಟೆ ಕೆಟ್ಟದ್ದಾದರೆ ಹಿಂದಿರುಗಿಸಬಹುದು. ಕೇಳಿದ ಪಾಠ ಕೆಟ್ಟದ್ದಾದರೆ ಯಾರಿಗೆ ಹಿಂದಿರುಗಿಸುವುದು?

ಬ್ಯಾಂಕಿನ ವ್ಯವಹಾರವೂ ಇದೇ ಜಾತಿಗೆ ಸೇರಿದ್ದು. ಈ ಬಗೆಯ ಸೇವೆಯಲ್ಲಿ ಗ್ರಾಹಕರ ಮನೋಧರ್ಮವನ್ನು ಅರಿತು, ಅದಕ್ಕೆ ತಕ್ಕಂತೆ ಆಡಳಿತವನ್ನು ರೂಪಿಸಿದ ಅತ್ಯಂತ ವಿಶಿಷ್ಟ ಉದಾಹರಣೆಗಳಲ್ಲಿ ಒಂದು ಕನ್ನಡ ನಾಡಿನಲ್ಲಿಯೇ, ಈ ಶಾಸ್ತ್ರವು ಹುಟ್ಟುವುದಕ್ಕೆ ಸುಮಾರು ಅರ್ಧ ಶತಮಾನಕ್ಕೂ ಮೊದಲೇ, ಕಾಣಿಸಿಕೊಂಡಿತೆಂಬುದು ಅನೇಕರ ಗಮನಕ್ಕೆ ಬಂದಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯು ಬ್ಯಾಂಕುಗಳ ತವರೆನಿಸಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ನಿಧಿಯು ಮುಂದೆ ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಆರಂಭವಾದ ಸಂಸ್ಥೆಯು ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯ ಬ್ಯಾಂಕ್ ಉದಯಿಸಿದವು. ಈ ನಡುವೆ 1925ರಲ್ಲಿ ಉಡುಪಿಯಲ್ಲಿ ಕೇವಲ 8,000 ರೂಪಾಯಿಗಳ ಬಂಡವಾಳದಿಂದ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯೊಂದು ತಲೆಯೆತ್ತಿತು. ಅದರ ಸ್ಥಾಪಕರು ಮೂವರು: ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಕುಡ್ವ, ವೈದ್ಯರಾದ ಡಾ. ಟಿ. ಎಂ. ಎ. ಪೈ. ಕೈಮಗ್ಗದ ಉದ್ಯಮವು ಸಂಕಷ್ಟಕ್ಕೆ ಸಿಲುಕಿ ನೇಕಾರರು ಕಂಗೆಟ್ಟಿದ್ದ ಕಾಲವದು. ಊರಿನ ಜನರ ಸಣ್ಣ ಉಳಿತಾಯಗಳನ್ನು ಒಟ್ಟುಗೂಡಿಸಿ ನೇಕಾರರಿಗೆ ಸಾಲದ ನೆರವನ್ನೀಯಬೇಕೆಂಬುದು ಈ ಸಂಸ್ಥೆಯ ಮೂಲೋದ್ದೇಶ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರಿನಿಂದ ದೇಶವ್ಯಾಪಿಯಾಯಿತು.

ಉದ್ದೇಶವೇನೋ ಉದಾತ್ತವಾಗಿತ್ತು, ಆದರೆ ಉಳಿತಾಯವನ್ನು ಎಲ್ಲಿಂದ ತರುವುದು? ಉಳ್ಳವರ ಹಣವು ಭೂಮಿಯಲ್ಲಿಯೂ ಚಿನ್ನದಲ್ಲಿಯೂ ಅಡಗಿತ್ತು. ಉಳಿದವರು ದಿನಗೂಲಿಯವರು, ಮೀನು ಮಾರುವವರು, ಚಿಲ್ಲರೆ ಅಂಗಡಿಯವರು. ಇವರು ಬ್ಯಾಂಕಿನ ಬಾಗಿಲಿಗೆ ಬರುವವರಲ್ಲ. ಬಂದರೂ ಎರಡಾಣೆಯನ್ನು ಹಿಡಿದು ಗುಮಾಸ್ತನ ಮುಂದೆ ನಿಲ್ಲಲು ಸಂಕೋಚಪಡುವವರು. ಜನರು ಬ್ಯಾಂಕಿಗೆ ಬಾರದಿದ್ದರೆ ಬ್ಯಾಂಕೇ ಜನರ ಬಳಿಗೆ ಹೋಗಬೇಕೆಂದು ನಿಶ್ಚಯಿಸಿ, 1928ರಲ್ಲಿ ಆ ಸಂಸ್ಥೆಯು ಪಿಗ್ಮಿ ಠೇವಣಿ ಯೋಜನೆಯನ್ನು ಜಾರಿಗೆ ತಂದಿತು. ಸಂಗ್ರಾಹಕನು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುವನು. ದಿನಕ್ಕೆ ಎರಡಾಣೆಯೆಂದರೆ ಮೂವತ್ತು ದಿನಗಳ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಒಂದು ದಿನವೂ ತಪ್ಪದಿದ್ದರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಅಂದಿನ ಬಡ ಸಂಸಾರಕ್ಕೆ ಇದು ಸಣ್ಣ ಗಂಟಾಗಿರಲಿಲ್ಲ.

ಹೆಸರಿನ ವಿಷಯದಲ್ಲಿ ಒಂದು ಮಾತು. ‘ಪಿಗ್ಮಿ’ ಎಂಬುದು ಇಂಗ್ಲಿಷಿನ ಮೂಲಕ ಬಂದ ಗ್ರೀಕ್ ಪದ. ಮೊಳಕೈಯಿಂದ ಮುಷ್ಟಿಯ ಗೆಣ್ಣಿನವರೆಗಿನ ಅಳತೆಯನ್ನು ಗ್ರೀಕರು ‘ಪಿಗ್ಮೆ’ ಎಂದು ಕರೆಯುತ್ತಿದ್ದರು. ಅಷ್ಟೇ ಎತ್ತರದ ಕುಬ್ಜರೆಂದು ಅವರ ಪುರಾಣಗಳಲ್ಲಿ ವರ್ಣಿತರಾದವರಿಗೆ ಆ ಹೆಸರು ಅಂಟಿಕೊಂಡಿತು. ನಮ್ಮ ‘ಮೊಳ’ವೂ ಮೊಳಕೈಯಿಂದಲೇ ಹೊರಡುವ ಅಳತೆಯಾದುದರಿಂದ, ‘ಮೊಳದ ಠೇವಣಿ’ ಎಂದಿದ್ದರೂ ಅರ್ಥ ಕೆಡುತ್ತಿರಲಿಲ್ಲ! ಆದರೆ ಜನರು ಪಿಗ್ಮಿಯನ್ನೇ ಒಪ್ಪಿಕೊಂಡರು. ‘ಪಿಗ್ಮಿ ಕಟ್ಟುವುದು’, ‘ಪಿಗ್ಮಿ ಬಿಡಿಸುವುದು’, ‘ಪಿಗ್ಮಿಯವರು ಬಂದರು’ ಎಂಬ ಪ್ರಯೋಗಗಳು ಕನ್ನಡದಲ್ಲಿ ಎಷ್ಟು ಬೇರೂರಿವೆಯೆಂದರೆ, ಅದು ಅನ್ಯದೇಶ್ಯವೆಂಬ ಭಾವನೆಯೇ ಹಳ್ಳಿಯವರಿಗಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರಬಹುದು. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬ ಗಾದೆಯನ್ನು ಅರಿಯದವರಿಲ್ಲ. ಗಾದೆಯು ಲೆಕ್ಕವನ್ನು ಸರಿಯಾಗಿಯೇ ಹೇಳುತ್ತದೆ. ಕೂಡಿಸುವವರು ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ. ಬಡವನಿಗೆ ಉಳಿಸುವ ಬುದ್ಧಿಯಿಲ್ಲವೆಂದು ಉಳ್ಳವರು ಆಡಿಕೊಳ್ಳುವುದು ಲೋಕರೂಢಿ. ವಾಸ್ತವವಾಗಿ ಕೊರತೆಯಿರುವುದು ಬುದ್ಧಿಯಲ್ಲಲ್ಲ. ಸಂಜೆ ಕೈಗೆ ಬಂದ ಹಣಕ್ಕೆ ರಾತ್ರಿಯೊಳಗೆ ಹತ್ತು ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. ಮಗುವಿನ ತಿಂಡಿ, ನೆರೆಯವರ ಕೈಗಡ, ಬೀಗರ ಆಗಮನ, ಗಂಡನ ಕುಡಿತ, ಇವುಗಳಲ್ಲಿ ಯಾವುದಕ್ಕೂ ‘ಇಲ್ಲ’ ಎನ್ನಲು ಮನೆಯ ಮಡಕೆಯಲ್ಲಿಟ್ಟ ಹಣಕ್ಕೆ ಬಾಯಿಲ್ಲ. ತಿಂಗಳ ಸಂಬಳದವರಿಗೆ ತಿಂಗಳಿಗೊಮ್ಮೆ ಮನಸ್ಸನ್ನು ಬಿಗಿಹಿಡಿದರೆ ಸಾಕು. ದಿನಗಳಿಕೆಯವರು ವರ್ಷದಲ್ಲಿ ಮುನ್ನೂರು ಸಲ ಅದೇ ಹೋರಾಟವನ್ನು ಗೆಲ್ಲಬೇಕು. ಪಿಗ್ಮಿಯವನು ನಿಯತವಾದ ಹೊತ್ತಿಗೆ ಬಂದು ನಿಂತಾಗ ಆ ಹೋರಾಟದ ಭಾರವು ಬಹುಮಟ್ಟಿಗೆ ಇಳಿಯುತ್ತದೆ. ಆತನು ಬರುವ ಹೊತ್ತಿಗೆಂದು ಹಣವನ್ನು ಬೇರೆಯಾಗಿ ತೆಗೆದಿಡುವ ಅಭ್ಯಾಸ ಬೆಳೆಯುತ್ತದೆ. ಕೈಗಡ ಕೇಳಿದವರಿಗೆ ‘ಪಿಗ್ಮಿಗೆ ಕೊಟ್ಟಾಯಿತು’ ಎಂಬ ಗೌರವಯುತ ಉತ್ತರವೂ ದೊರಕುತ್ತದೆ. ಹೂವಾಡಗಿತ್ತಿಯು ಸ್ವೀಕರಿಸಿದ್ದೇನೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಡ್ಡಿಗಾಗಿ ಅವಳು ಹಣ ಕೊಟ್ಟವಳಲ್ಲ. ಆ ಬಡ್ಡಿ ಹೇಗೂ ಅಲ್ಪ, ಅವಧಿಗೆ ಮೊದಲೇ ಬಿಡಿಸಿದರೆ ಅದೂ ಇಲ್ಲ. ತನ್ನ ಹಣವನ್ನು ತನ್ನ ಕೈಗೇ ಎಟುಕದಂತೆ ಇರಿಸುವ ಒಂದು ಏರ್ಪಾಟನ್ನು ಅವಳು ಕೊಂಡಳು.

ಇದು ಬರಿಯ ಊಹೆಯೆಂದು ಸಂದೇಹಿಸುವವರು ವಿಜಯವಾಡದ ಕೊಳೆಗೇರಿಗಳಲ್ಲಿ ನಡೆಯುತ್ತಿದ್ದ ಒಂದು ಪದ್ಧತಿಯನ್ನು ಪರಿಶೀಲಿಸಬೇಕು. ಬಡವರ ಹಣಕಾಸಿನ ನಡವಳಿಕೆಯನ್ನು ದೀರ್ಘಕಾಲ ಅಭ್ಯಸಿಸಿದ ಸ್ಟುವರ್ಟ್ ರುದರ್‌ಫರ್ಡ್ ಎಂಬುವರು 2000ದಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದನ್ನು ವಿವರಿಸಿದ್ದಾರೆ. ಅಲ್ಲಿ ಒಬ್ಬ ಹೆಂಗಸು ಮನೆಮನೆಗೆ ಹೋಗಿ ಹಣ ಸಂಗ್ರಹಿಸುತ್ತಿದ್ದಳು. ಆಕೆ ಕೊಡುತ್ತಿದ್ದ ಚೀಟಿಯಲ್ಲಿ 220 ಮನೆಗಳು. ದಿನಕ್ಕೆ ಐದು ರೂಪಾಯಿ ಕೊಟ್ಟಂತೆಲ್ಲ ಒಂದೊಂದು ಮನೆಗೆ ಗುರುತು ಬೀಳುವುದು. ಎಲ್ಲ ಮನೆಗಳೂ ತುಂಬಿದಾಗ ಕಟ್ಟಿದ ಹಣ 1,100 ರೂಪಾಯಿ; ಮರಳಿ ಸಿಗುತ್ತಿದ್ದುದು 1,000 ರೂಪಾಯಿ. ಉಳಿದ ನೂರು ಆಕೆಯ ಪ್ರತಿಫಲ! ಬಡ್ಡಿ ಪಡೆಯುವುದಿರಲಿ, ಉಳಿತಾಯ ಮಾಡುವವರೇ ಬಡ್ಡಿ ತೆರುತ್ತಿದ್ದರು. ಸರಾಸರಿಯಾಗಿ ಆಕೆಯ ಬಳಿ ನಿಂತ ಹಣ 550 ರೂಪಾಯಿಯೆಂದು ಹಿಡಿದು ಲೆಕ್ಕ ಹಾಕಿದರೆ, ಅದು ವರ್ಷಕ್ಕೆ ಶೇಕಡಾ ಮೂವತ್ತರಷ್ಟಾಗುತ್ತದೆ. ಅರ್ಥಶಾಸ್ತ್ರದ ಪ್ರಥಮ ಪಾಠವನ್ನು ಓದಿದವರು ಇದನ್ನು ಮೂರ್ಖತನವೆಂದಾರು. ಆ ಗೃಹಿಣಿಯರ ದೃಷ್ಟಿಯೇ ಬೇರೆ. ಮಕ್ಕಳ ಶಾಲೆ ಆರಂಭವಾಗುವಾಗ ಸಾವಿರ ರೂಪಾಯಿ ಇಡಿಯಾಗಿ ಕೈಗೆ ಬರಬೇಕು. ಆಕೆಯಿಲ್ಲದಿದ್ದರೆ ಆ ಐದೈದು ರೂಪಾಯಿಗಳು ಲೆಕ್ಕಕ್ಕೂ ಸಿಗದೆ ಕರಗಿಹೋಗುತ್ತಿದ್ದವು. ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ ‘ಸುಸು’ ಎಂಬ ಹೆಸರಿನ ಇಂಥದೇ ಪದ್ಧತಿಯಿದೆ. ಅಲ್ಲಿ ಸಂಗ್ರಾಹಕನು ತಿಂಗಳಿನ ಕೊನೆಯಲ್ಲಿ ಒಂದು ದಿನದ ಕಂತನ್ನು ತನಗೆಂದು ಮುರಿದುಕೊಂಡು ಉಳಿದುದನ್ನು ಹಿಂದಿರುಗಿಸುತ್ತಾನೆ. ಸಂತೆಯ ಹೆಂಗಸರು ಇದನ್ನು ಸಂತೋಷದಿಂದಲೇ ಒಪ್ಪುತ್ತಾರೆ.

ಇನ್ನೊಂದು ಪರೀಕ್ಷೆಯು ಫಿಲಿಪ್ಪೀನ್ಸಿನಲ್ಲಿ ನಡೆಯಿತು. ಅಶ್ರಫ್, ಕಾರ್ಲನ್ ಮತ್ತು ಯಿನ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅದರ ವರದಿಯ ಪ್ರಕಾರ, ಅಲ್ಲಿಯ ಗ್ರಾಮೀಣ ಬ್ಯಾಂಕೊಂದು ತನ್ನ 137 ಮಂದಿ ಗ್ರಾಹಕರಿಗೆ ಮನೆಗೆ ಬಂದು ಠೇವಣಿ ಸ್ವೀಕರಿಸುವ ಸೌಲಭ್ಯವನ್ನು ನೀಡಲು ಮುಂದಾಯಿತು. ಒಪ್ಪಿದವರು 38 ಮಂದಿ. ಕ್ರಮವಾಗಿ ಬಳಸಿದವರು 20. ಇಷ್ಟು ಕಡಿಮೆ ಜನರು ಒಪ್ಪಿದರೂ, ಸೌಲಭ್ಯದ ಆಹ್ವಾನ ಪಡೆದ ಇಡೀ ಗುಂಪಿನ ಉಳಿತಾಯವು ಸುಮಾರು ಕಾಲುಭಾಗದಷ್ಟು ಹೆಚ್ಚಿತು. ಬ್ಯಾಂಕಿನಿಂದ ದೂರವಿದ್ದವರು ಹೆಚ್ಚಾಗಿ ಒಪ್ಪಿದುದು ಸಹಜ. ಅವಿವಾಹಿತರಿಗಿಂತ ವಿವಾಹಿತರೇ ಹೆಚ್ಚಾಗಿ ಒಪ್ಪಿದುದು ಸ್ವಾರಸ್ಯಕರ. ಹಣದ ಮೇಲಿನ ಹಕ್ಕಿನ ತಿಕ್ಕಾಟವು ಮನೆಯೊಳಗೇ ಇದೆಯೆಂಬುದರ ಸೂಚನೆ ಇದರಲ್ಲಿದೆಯೆಂದು ಸಂಶೋಧಕರು ಅಭಿಪ್ರಾಯಪಟ್ಟರು. ಕನ್ನಡದ ಹೆಣ್ಣುಮಕ್ಕಳಿಗೆ ಈ ಸತ್ಯವನ್ನು ತಿಳಿಯಲು ಸಂಶೋಧನೆಯ ಅಗತ್ಯವಿರಲಿಲ್ಲವೆಂಬುದು ಬೇರೆ ಮಾತು.

ಗ್ರಾಹಕರ ಮನಸ್ಸು ಹೀಗಿದೆಯೆಂದ ಮೇಲೆ ಆಡಳಿತವು ಏನು ಮಾಡಬೇಕಾಗುತ್ತದೆ? ಪಿಗ್ಮಿ ಯೋಜನೆಯಲ್ಲಿ ಬ್ಯಾಂಕಿನ ಕಟ್ಟಡ, ಮೇಜು, ಕುರ್ಚಿಗಳಿಗೆ ಪ್ರಾಶಸ್ತ್ಯವಿಲ್ಲ. ಠೇವಣಿದಾರರ ಪಾಲಿಗೆ ಆ ಸಂಗ್ರಾಹಕನೇ ಬ್ಯಾಂಕು. ಆದುದರಿಂದ ಆತನು ಅದೇ ಊರಿನವನಾಗಿರಬೇಕು, ಬೀದಿಯ ಪರಿಚಯವಿರಬೇಕು, ನಂಬಿಕಸ್ಥನೆಂದು ಹೆಸರಾಗಿರಬೇಕು. ಮಳೆಯಿರಲಿ, ಜಾತ್ರೆಯಿರಲಿ ನಿಶ್ಚಿತ ಹೊತ್ತಿಗೆ ಬರಬೇಕು. ಇಂದು ಬಾರದೆ ನಾಳೆ ಎರಡು ದಿನದ ಹಣ ಕೇಳಿದರೆ ಅದು ಬರುವುದಿಲ್ಲ. ಇಂದಿನ ಎರಡಾಣೆ ಇಂದೇ ಖರ್ಚಾಗಿರುತ್ತದೆ. ಸೇವೆಯನ್ನು ಎತ್ತಿಡಲಾಗದೆಂದು ಶಾಸ್ತ್ರಜ್ಞರು ಹೇಳಿದ ಮಾತಿಗೆ ಇದಕ್ಕಿಂತ ಸರಳವಾದ ದೃಷ್ಟಾಂತ ದೊರೆಯಲಾರದು. ಮೇಲೆ ಹೇಳಿದ ಮೂವರು ವಿದ್ವಾಂಸರು 1988ರಲ್ಲಿ ಸೇವೆಯ ಗುಣವನ್ನು ಅಳೆಯಲು ಐದು ಅಂಶಗಳನ್ನು ನಿರ್ಣಯಿಸಿದರು. ಆಡಿದಂತೆ ನಡೆಯುವ ವಿಶ್ವಾಸಾರ್ಹತೆ, ಒಡನೆ ಸ್ಪಂದಿಸುವ ಗುಣ, ಭರವಸೆ, ಸಹಾನುಭೂತಿ, ಕಣ್ಣಿಗೆ ಕಾಣುವ ಸಾಧನಗಳು ಎಂಬಿವೇ ಆ ಐದು. ಪಿಗ್ಮಿಯವನ ಬಳಿ ಕಣ್ಣಿಗೆ ಕಾಣುವ ಸಾಧನವೆಂದರೆ ಒಂದು ಚೀಲ, ಒಂದು ಲೇಖನಿ, ಗ್ರಾಹಕರ ಕೈಯಲ್ಲಿ ಉಳಿಯುವ ಒಂದು ಚಿಕ್ಕ ಪುಸ್ತಕ. ಆ ಪುಸ್ತಕವನ್ನು ಮಾತ್ರ ಅಲ್ಪವೆಂದು ಭಾವಿಸಲಾಗದು. ಓದಲು ಬಾರದ ಹೆಂಗಸೂ ಅದನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡುತ್ತಾಳೆ. ಆ ಮೂಲಕ ಅವಳಿಗೆ ತನ್ನ ಹೆಸರಿನಲ್ಲೊಂದು ಲೆಕ್ಕವಿದೆಯೆಂಬ ಅರಿವು ಮೂಡುತ್ತದೆ. ಮುಂದೆ ಅದೇ ಠೇವಣಿಯ ಆಧಾರದ ಮೇಲೆ ಸಾಲವೂ ದೊರೆಯುವುದರಿಂದ, ಮೀಟರ್ ಬಡ್ಡಿಯವರ ಮನೆಯ ಮೆಟ್ಟಿಲು ಹತ್ತುವುದು ಎಷ್ಟೋ ಸಂಸಾರಗಳಿಗೆ ತಪ್ಪಿದೆ.

ಇಷ್ಟೆಲ್ಲ ಭಾರವನ್ನು ಹೊತ್ತ ಆ ಸಂಗ್ರಾಹಕನ ಗತಿಯೇನು? ಗ್ರಾಹಕಸೇವೆಯನ್ನು ಕೊಂಡಾಡುವ ಬರಹಗಳಲ್ಲಿ ಈ ಪ್ರಶ್ನೆಗೆ ಸ್ಥಳವಿರುವುದು ಅಪರೂಪ. ಅವನಿಗೆ ಸಂಬಳವಿರಲಿಲ್ಲ, ಸಂಗ್ರಹಿಸಿದ ಹಣಕ್ಕೆ ಶೇಕಡಾ ಇಷ್ಟೆಂದು ಕಮಿಷನ್ ಮಾತ್ರ ದೊರೆಯುತ್ತಿತ್ತು. ಊರಿನವರು ಅವನನ್ನು ‘ಬ್ಯಾಂಕಿನವರು’ ಎಂದು ಗೌರವಿಸುತ್ತಿದ್ದರು, ಬ್ಯಾಂಕುಗಳು ಮಾತ್ರ ತಮ್ಮವನಲ್ಲ, ಸ್ವತಂತ್ರ ಏಜೆಂಟನೆಂದು ವಾದಿಸುತ್ತಿದ್ದವು. ವಿವಾದವು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಬಂದು, 1988ರ ಡಿಸೆಂಬರಿನಲ್ಲಿ ತೀರ್ಪು ಹೊರಬಿದ್ದಿತು. ತಿಂಗಳಿಗೆ 7,500 ರೂಪಾಯಿಗಳ ಕನಿಷ್ಠ ಸಂಗ್ರಹಕ್ಕೆ 750 ರೂಪಾಯಿಗಳ ನಿಶ್ಚಿತ ವೇತನ, ಸೇವಾವಧಿಗೆ ತಕ್ಕ ಉಪದಾನ ಮುಂತಾದುವನ್ನು ಅದು ವಿಧಿಸಿತು. ಈ 7,500 ರೂಪಾಯಿಯ ಹಿಂದಿನ ಶ್ರಮವನ್ನು ಗುಣಿಸಿ ನೋಡಬಹುದು. ಮನೆಯೊಂದಕ್ಕೆ ದಿನಕ್ಕೆ ಎರಡು ರೂಪಾಯಿಯಂತೆ, ತಿಂಗಳಿಗೆ ಇಪ್ಪತ್ತೈದು ದಿನ ದುಡಿದರೆ, ಪ್ರತಿದಿನ 150 ಬಾಗಿಲುಗಳನ್ನು ತಟ್ಟಬೇಕು. ಬ್ಯಾಂಕುಗಳು ಮೇಲ್ಮನವಿಯ ದಾರಿ ಹಿಡಿದವು. ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟು, ಕಮಿಷನ್ ಎಂದು ಕರೆದರೂ ಅದು ದುಡಿಮೆಗೆ ತಕ್ಕಂತೆ ಏರಿಳಿಯುವ ವೇತನವೇ ಎಂದೂ, ಠೇವಣಿ ಸಂಗ್ರಾಹಕರು ಕೈಗಾರಿಕಾ ವಿವಾದಗಳ ಕಾಯಿದೆಯಂತೆ ಕಾರ್ಮಿಕರೇ ಎಂದೂ ಸ್ಪಷ್ಟಪಡಿಸಿತು. 1928ರಿಂದ ಎಣಿಸಿದರೆ ಈ ಒಂದು ಮಾತಿಗಾಗಿ ಎಪ್ಪತ್ಮೂರು ವರ್ಷಗಳು ಸಂದವು.

ನಂಬಿಕೆಯನ್ನೇ ಬಂಡವಾಳವಾಗಿ ಉಳ್ಳ ವ್ಯವಹಾರದಲ್ಲಿ ಕೇಡು ಸಂಭವಿಸುವುದೂ ನಂಬಿಕೆಯ ಮೂಲಕವೇ. ಪಿಗ್ಮಿಯನ್ನು ಇಂದು ಬ್ಯಾಂಕುಗಳಿಗಿಂತ ಹೆಚ್ಚಾಗಿ ನಡೆಸುತ್ತಿರುವವು ಊರೂರಿನ ಪತ್ತಿನ ಸಹಕಾರ ಸಂಘಗಳು. ಅವುಗಳಲ್ಲಿ ದಕ್ಷವಾದವುಗಳೇ ಬಹಳ. ಆದರೂ ಠೇವಣಿದಾರರು ಒಂದು ಭೇದವನ್ನು ಅರಿತಿರಬೇಕು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ತರುವಾಯ ಭಾರತದಲ್ಲಿ ಠೇವಣಿ ವಿಮೆಯ ವ್ಯವಸ್ಥೆಯು 1962ರಲ್ಲಿ ಜಾರಿಗೆ ಬಂದಿತು. ಆಗ 1,500 ರೂಪಾಯಿಗಳಿದ್ದ ವಿಮೆಯ ಮಿತಿಯು 1993ರಲ್ಲಿ ಒಂದು ಲಕ್ಷಕ್ಕೂ, 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೂ ಏರಿತು. ಈ ರಕ್ಷಣೆಯು ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆ. ಬ್ಯಾಂಕಿನ ಪರವಾನಗಿಯಿಲ್ಲದ ಪತ್ತಿನ ಸಂಘಗಳಿಗೆ ಅನ್ವಯಿಸುವುದಿಲ್ಲ. ಫಲಕದ ಮೇಲೆ ಎಷ್ಟು ದೊಡ್ಡ ಅಕ್ಷರಗಳಿದ್ದರೂ ಸಂಘವು ಬ್ಯಾಂಕಾಗದು. ಅಲ್ಲಿ ಹಣವಿಡಬಾರದೆಂದು ಇದರ ಅರ್ಥವಲ್ಲ. ವಾರ್ಷಿಕ ಸಭೆಗೆ ಹೋಗಬೇಕು, ಲೆಕ್ಕಪರಿಶೋಧನೆಯ ವರದಿಯನ್ನು ಕೇಳಿ ನೋಡಬೇಕು, ತಿಂಗಳಿಗೊಮ್ಮೆಯಾದರೂ ಪುಸ್ತಕವನ್ನು ಕಚೇರಿಗೇ ಒಯ್ದು ಮೊತ್ತವನ್ನು ತಾಳೆ ಹಾಕಿಸಬೇಕು. ಸಂಗ್ರಾಹಕನು ಎಷ್ಟೇ ಆತ್ಮೀಯನಾಗಿರಲಿ, ರಸೀದಿಯಿಲ್ಲದೆ ಕೊಟ್ಟ ಹಣವು ಅವನಿಗೂ ಒಳ್ಳೆಯದಲ್ಲ. ಯಂತ್ರದಿಂದ ಒಡನೆಯೇ ರಸೀದಿ ಮುದ್ರಿಸಿ ಕೊಡುವ ಪದ್ಧತಿಯು ಈಗ ಅನೇಕ ಕಡೆ ಬಂದಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಬ್ಯಾಂಕಿನ ಸೇವೆಯಲ್ಲಿ ಲೋಪವಾದರೆ ಗ್ರಾಹಕರ ಆಯೋಗದ ಮೊರೆ ಹೋಗುವ ಹಕ್ಕು 1986ರ ಕಾಯಿದೆಯಿಂದ ದೊರೆತಿದ್ದು, 2019ರ ಹೊಸ ಕಾಯಿದೆಯಲ್ಲಿಯೂ ಮುಂದುವರಿದಿದೆ.

ದಕ್ಷಿಣ ಕನ್ನಡದ ಆ ಬ್ಯಾಂಕುಗಳ ಉತ್ತರಚರಿತ್ರೆಯು ಸರ್ವವಿದಿತ. ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿಯೂ, ಕಾರ್ಪೊರೇಷನ್, ವಿಜಯ ಬ್ಯಾಂಕುಗಳು 1980ರಲ್ಲಿಯೂ ರಾಷ್ಟ್ರೀಕೃತವಾದವು. ವಿಜಯ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. ಪಿಗ್ಮಿಯ ತತ್ತ್ವವು ಮಾತ್ರ ಬೇರೆ ವೇಷಗಳಲ್ಲಿ ಸಂಚರಿಸುತ್ತಿದೆ. ಶಾಖೆಯಿಲ್ಲದ ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ವ್ಯವಹರಿಸುವ ಪ್ರತಿನಿಧಿಗಳನ್ನು ನೇಮಿಸಲು ರಿಸರ್ವ್ ಬ್ಯಾಂಕು 2006ರಲ್ಲಿ ಅನುಮತಿಯಿತ್ತಿತು. 2014ರ ಜನಧನ ಯೋಜನೆಯಿಂದ ಕೋಟ್ಯಂತರ ಜನರಿಗೆ ಖಾತೆಗಳು ದೊರೆತವು. 2016ರಿಂದೀಚೆಗೆ ದೂರವಾಣಿಯ ಮೂಲಕವೇ ಹಣ ಪಾವತಿಸುವ ಯುಪಿಐ ವ್ಯವಸ್ಥೆಯು ತರಕಾರಿ ಮಾರುವವಳ ತಕ್ಕಡಿಯ ಪಕ್ಕದಲ್ಲಿಯೂ ಬಂದು ಕುಳಿತಿದೆ.

ಆದರೆ ಖಾತೆಯಿರುವುದಕ್ಕೂ ಖಾತೆಯಲ್ಲಿ ಹಣ ಉಳಿಯುವುದಕ್ಕೂ ಅಂತರವಿದೆ. ದೂರವಾಣಿಯ ಮೂಲಕ ಹಣವನ್ನು ಕೂಡಿಡುವುದು ಎಷ್ಟು ಸುಲಭವೋ ತೆಗೆದು ಖರ್ಚು ಮಾಡುವುದೂ ಅಷ್ಟೇ ಸುಲಭ. ಹೂವಾಡಗಿತ್ತಿಯು ದೂರವಿರಿಸಲು ಬಯಸಿದ ಹಣವು ಮತ್ತೆ ಬೆರಳ ತುದಿಗೇ ಬಂದು ನಿಂತಂತಾಯಿತು. ಸ್ವಯಂಚಾಲಿತವಾಗಿ ಕಂತು ಕಡಿಯುವ ಏರ್ಪಾಟುಗಳಿವೆ. ವ್ಯಾಪಾರವಿಲ್ಲದ ದಿನ ಅವು ಸುಮ್ಮನಿರುವುದನ್ನು ಅರಿಯವು. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗಗಳ ಪೇಟೆಬೀದಿಗಳಲ್ಲಿ ಇಂದಿಗೂ ಸಂಜೆಯ ಹೊತ್ತು ಪಿಗ್ಮಿಯವರು ಅಂಗಡಿಯಿಂದ ಅಂಗಡಿಗೆ ನಡೆಯುವುದನ್ನು ಕಾಣಬಹುದು. ‘ಇವತ್ತು ವ್ಯಾಪಾರವಿಲ್ಲ ಅಣ್ಣ’ ಎಂದರೆ ಅವರು ಒತ್ತಾಯಿಸದೆ ಮುಂದಿನ ಅಂಗಡಿಗೆ ಸರಿಯುತ್ತಾರೆ. ಮರುದಿನ ಅದೇ ಹೊತ್ತಿಗೆ, ನಿನ್ನೆಯ ಮಾತನ್ನೆತ್ತದೆ, ಪುಸ್ತಕ ಬಿಚ್ಚಿ ನಿಲ್ಲುತ್ತಾರೆ.